ಹಳೆಯ ಗೊಂಬೆಗಳಿಗೆ ಬೆಲೆಗಟ್ಟುವ ಬಗೆ

ಹಳೆಯ ಗೊಂಬೆಗಳ ಸಂಗ್ರಹವು ಪಾಶ್ಚಾತ್ಯ ದೇಶಗಳಲ್ಲಿ ಒಂದು ಶಾಸ್ತ್ರವೆಂಬಷ್ಟರ ಮಟ್ಟಿಗೆ ಬೆಳೆದಿದೆ. ಪಿಂಗಾಣಿಯ ಗೊಂಬೆಯೊಂದು ಕೈಗೆ ಬಂದೊಡನೆ ಅಲ್ಲಿಯ ಸಂಗ್ರಾಹಕನು ಅದರ ಕತ್ತಿನ ಹಿಂಭಾಗವನ್ನು ತಿರುಗಿಸಿ, ತಯಾರಕನ ಮುದ್ರೆಯನ್ನೂ ಅಚ್ಚಿನ ಸಂಖ್ಯೆಯನ್ನೂ ಹುಡುಕುತ್ತಾನೆ. ಅಮೆರಿಕದ 1890ರ ಸುಂಕದ ಕಾಯಿದೆಯು ಆಮದಾಗುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕೆಂದು ವಿಧಿಸಿದ ಕಾರಣ, ದೇಶದ ಹೆಸರುಳ್ಳ ಗೊಂಬೆಯು ಸಾಮಾನ್ಯವಾಗಿ 1891ರಿಂದ ಈಚಿನದೆಂದು ಹೇಳಬಹುದು. ಮುದ್ರೆ, ಮೊದಲಿನ ಬಣ್ಣ, ಮೊದಲಿನ ಉಡುಗೆ, ಬಿರುಕಿಲ್ಲದ ಮೈ ಇವುಗಳಿಂದ ಅಲ್ಲಿ ಬೆಲೆ ನಿಶ್ಚಿತವಾಗುತ್ತದೆ. ಆದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಸುತ್ತಿನ ಹಳ್ಳಿಗಳಲ್ಲಿ ಈ ಅಳತೆಗೋಲನ್ನು ಹಿಡಿದು ಹೊರಟವರು ಬರಿಗೈಯಲ್ಲಿ ಹಿಂತಿರುಗಬೇಕಾದೀತು. ಅದಕ್ಕಿಂತ ಕೇಡೆಂದರೆ, ಉಳಿಸಬೇಕಾದ ವಸ್ತುವನ್ನು ನಿರುಪಯೋಗಿಯೆಂದು ಬಿಟ್ಟು ಬಂದಾರು.

ಈ ಸೀಮೆಯ ಗೊಂಬೆಗಳಲ್ಲಿ ಬಹುಭಾಗವು ಅಳಿಯುವುದಕ್ಕಾಗಿಯೇ ಹುಟ್ಟಿದವು. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಗೆ ಹಸಿಮಣ್ಣಿನ ಎತ್ತುಗಳು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ, ಇವು ಯಾವುವೂ ಸುಟ್ಟ ಮಣ್ಣಿನವಲ್ಲ. ಪೂಜೆಯಾದ ಮೇಲೆ ಇವು ಮತ್ತೆ ಮಣ್ಣನ್ನೇ ಸೇರತಕ್ಕವು. ‘ನೂರು ವರ್ಷದ ಮಣ್ಣೆತ್ತು’ ಎಂದು ಯಾರಾದರೂ ಮಾರಲು ಬಂದರೆ ಬೆಲೆಯನ್ನು ವಿಚಾರಿಸುವ ಶ್ರಮವೂ ಬೇಡ.

ಕಾರ್ತೀಕದ ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆಗಳ ಮಾತು ಬೇರೆ. ಆನೆ, ಕುದುರೆ, ನವಿಲು, ತೇರು, ಬಸವಣ್ಣ ಮುಂತಾದ ಆಕಾರದ ಈ ಗೊಂಬೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೆಣ್ಣುಮಕ್ಕಳು ಗೌರಿಗೆ ಆರತಿ ಬೆಳಗುವರು. ನಿಶ್ಚಯವಾದ ಹೆಣ್ಣಿಗೆ ಗಂಡಿನ ಮನೆಯಿಂದ ಸಕ್ಕರೆ ಆರತಿಯನ್ನು ಒಯ್ಯುವ ಪದ್ಧತಿಯೂ ಉಂಟು. ಹಬ್ಬ ಮುಗಿಯುವಷ್ಟರಲ್ಲಿ ಗೊಂಬೆಯು ಮಕ್ಕಳ ಬಾಯಿ ಸೇರುತ್ತದೆ. ಉಳಿಯುವುದು ಅದನ್ನು ಎರೆದ ಮರದ ಅಚ್ಚು. ನನ್ನ ಅಭಿಪ್ರಾಯದಲ್ಲಿ ಈ ನಾಲ್ಕು ಊರುಗಳ ಸೀಮೆಯಲ್ಲಿ ಸಂಗ್ರಾಹಕನು ಮೊದಲು ಹುಡುಕಬೇಕಾದದ್ದು ಈ ಅಚ್ಚನ್ನೇ.

ಅಚ್ಚನ್ನು ಪರೀಕ್ಷಿಸುವವನು ಅದರ ಬಳಕೆಯ ಕ್ರಮವನ್ನು ಅರಿತಿರಬೇಕು. ಅಚ್ಚಿನ ಭಾಗಗಳನ್ನು ನೀರಿನಲ್ಲಿ ನೆನೆಯಿಸಿ, ಜೋಡಿಸಿ, ದಾರದಿಂದ ಬಿಗಿದು, ಕಾದ ಪಾಕವನ್ನು ಹೊಯ್ಯುವರು. ಆರಿದ ಮೇಲೆ ಬಿಚ್ಚುವರು. ವರ್ಷವರ್ಷವೂ ನೀರನ್ನೂ ಬಿಸಿಯನ್ನೂ ಉಂಡ ಮರದಲ್ಲಿ ನಾರಿನ ಗೆರೆಗಳು ಉಬ್ಬಿರುತ್ತವೆ, ತುದಿಗಳಲ್ಲಿ ಸಣ್ಣ ಸೀಳುಗಳಿರುತ್ತವೆ, ದಾರ ಕಟ್ಟಿದೆಡೆ ಅಂಚು ಸವೆದಿರುತ್ತದೆ. ಹೊರಗೆ ಕಪ್ಪಾಗಿದ್ದು ಒಳಗೆ ಈ ಯಾವ ಗುರುತೂ ಇಲ್ಲದ ಅಚ್ಚು ಹೊಗೆಯಲ್ಲಿ ಹಳೆಯದಾದುದೆಂದು ಶಂಕಿಸಬೇಕು. ದೀಪವನ್ನು ಓರೆಯಾಗಿ ಹಿಡಿದು ಒಳಗೆತ್ತನೆಯನ್ನು ನೋಡಿದರೆ ಕುಶಲಿಯ ಕೈ ತಿಳಿಯುತ್ತದೆ: ಆನೆಯ ಕಾಲುಗಳ ನಡುವಣ ಸಂದು, ನವಿಲಿನ ಕೊರಳು ಇಂತಹ ಇಕ್ಕಟ್ಟಿನ ಸ್ಥಳಗಳಲ್ಲಿ ಗೊಂಬೆ ಮುರಿಯದೆ ಬಿಡಿಸಿಕೊಳ್ಳುವಂತೆ ಇಳಿಜಾರು ಕೊಟ್ಟಿದ್ದಾನೆಯೇ ಎಂಬುದೇ ಗುಣದ ಪರೀಕ್ಷೆ. ಎಲ್ಲ ಭಾಗಗಳೂ ಒಂದೇ ಮರದವೇ, ಒಂದು ಭಾಗ ಕಳೆದು ಬೇರೆಯದನ್ನು ಕೂಡಿಸಿದ್ದಾರೆಯೇ ಎಂಬುದನ್ನು ನಾರಿನ ಓಟವನ್ನು ಹೋಲಿಸಿ ನಿರ್ಧರಿಸಬಹುದು. ವಿದ್ಯಾರ್ಥಿಯೊಬ್ಬನು ಇಂತಹ ಅಚ್ಚೊಂದನ್ನು ಸೋಡಾದ ನೀರಿನಲ್ಲಿ ಚೆನ್ನಾಗಿ ಉಜ್ಜಿ, ಹೊಸದರಂತೆ ಮಾಡಿ ನನಗೆ ತಂದೊಪ್ಪಿಸಿದನು. ಆತನ ಶ್ರದ್ಧೆಯನ್ನು ಮೆಚ್ಚಿದೆನಾದರೂ ಅದರ ವಯಸ್ಸನ್ನು ಹೇಳುವ ಬಾಯಿ ಅಂದಿಗೆ ಮುಚ್ಚಿತು.

ಬಣ್ಣದ ಮರದ ಗೊಂಬೆಗಳ ವಿಷಯದಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಹುಣಿಸೆ ಬೀಜದ ಅಂಟಿನಿಂದ ಬಟ್ಟೆಯ ತುಂಡುಗಳನ್ನು ಹೊದಿಸಿ, ಕಲ್ಲಿನ ಪುಡಿಯ ಲೇಪವನ್ನು ಕೊಟ್ಟು, ಅದರ ಮೇಲೆ ಬಣ್ಣ ಹಚ್ಚುವರು. ಒಡವೆಗಳನ್ನು ಅದೇ ಲೇಪದಿಂದ ಉಬ್ಬಿಸುವರು. ಮೊಣಕೈ, ಪೀಠದ ಅಂಚು ಮೊದಲಾದ ಸವೆದೆಡೆಗಳಲ್ಲಿ ಬಟ್ಟೆಯ ನೂಲು ಇಣುಕಿದರೆ ಈ ಪದ್ಧತಿಯ ಗುರುತು ಸಿಕ್ಕಿದಂತೆ. ಕೈ ಹಿಡಿಯುವ ಜಾಗದಲ್ಲಿ ಸವೆತ ಹೆಚ್ಚಾಗಿರಬೇಕು. ಎಲ್ಲೆಡೆಯೂ ಸಮನಾಗಿ ಸವೆದಿದ್ದರೆ ಅದು ಉಜ್ಜುಕಾಗದದ ಕೆಲಸ. ಹುಳುವಿನ ತೂತುಗಳು ದುಂಡಗಿರದೆ ಮೈಮೇಲೆ ಕಾಲುವೆಯಂತೆ ತೆರೆದಿದ್ದರೆ, ಹಳೆಯ ತೊಲೆಯನ್ನು ಹೊಸದಾಗಿ ಕೆತ್ತಿದ್ದಾರೆಂದು ತಿಳಿಯತಕ್ಕದ್ದು.

ಹೊರಗಿನ ಸಂಗ್ರಾಹಕನು ಮೊದಲಿನ ಬಣ್ಣವನ್ನು ಬಯಸುತ್ತಾನೆ. ಆದರೆ ಊರಿನ ದ್ಯಾಮವ್ವ, ದುರ್ಗವ್ವರ ಮರದ ಮೂರ್ತಿಗಳಿಗೆ ಜಾತ್ರೆಗೆ ಮುಂಚೆ ಹೊಸ ಬಣ್ಣ ಹಚ್ಚುವುದು ಕ್ರಮ. ಬಣ್ಣವಿಲ್ಲದ ದೇವಿಯನ್ನು ಭಕ್ತರು ಒಪ್ಪರು. ಹೀಗಿರುವಾಗ ಪದರ ಪದರವಾಗಿ ಕುಳಿತ ಬಣ್ಣವನ್ನು ಕೊರತೆಯೆಂದು ಎಣಿಸಿ ಬೆಲೆ ಇಳಿಸುವುದೂ, ‘ಮೂಲ’ವನ್ನು ಕಾಣಲೆಂದು ಕೆರೆದು ತೆಗೆಯುವುದೂ ಒಂದೇ ತಪ್ಪಿನ ಎರಡು ರೂಪಗಳು. ಆ ಪದರಗಳು ನಡೆದ ಜಾತ್ರೆಗಳ ಲೆಕ್ಕ. (ತೊಗಲುಗೊಂಬೆಗಳಲ್ಲಿ ಮಾತ್ರ ಬಣ್ಣವು ಕಾಲವನ್ನು ನೇರವಾಗಿ ಸೂಚಿಸುವುದುಂಟು: ಕೃತಕ ನೇರಳೆ ಬಣ್ಣವು 1856ರಲ್ಲಿ ಹುಟ್ಟಿದ್ದು, ಅದಿರುವ ಗೊಂಬೆ ಅದಕ್ಕೂ ಹಿಂದಿನದಾಗಲಾರದು. ಆ ವಿಷಯಕ್ಕೆ ಪ್ರತ್ಯೇಕ ಲೇಖನವೇ ಬೇಕು.)

ಮುದ್ರೆಯಿಲ್ಲದ ವಸ್ತುವಿಗೆ ಅದು ಬಂದ ಮನೆಯ ಹೇಳಿಕೆಯೇ ಮುದ್ರೆ. ಯಾರ ಮನೆಯದು, ಯಾವ ಹಬ್ಬಕ್ಕೆ ಹೊರಗೆ ಬರುತ್ತಿತ್ತು, ತವರಿನಿಂದ ಬಂದುದೇ, ಯಾರು ಎರೆಯುತ್ತಿದ್ದರು ಎಂಬುದನ್ನು ಮನೆಯ ಹಿರಿಯ ಹೆಂಗಸರಿಂದ ಕೇಳಿ ಅಲ್ಲಿಯೇ ಬರೆದುಕೊಳ್ಳಬೇಕು. ಬಾಗೇವಾಡಿ, ಮುದ್ದೇಬಿಹಾಳಗಳ ಕಡೆ ಇನ್ನೊಂದು ಎಚ್ಚರಿಕೆಯೂ ಅಗತ್ಯ. 1964ರಲ್ಲಿ ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಿಂದಾಗಿ ಕೃಷ್ಣಾ ತೀರದ ಹಲವು ಊರುಗಳು ಎತ್ತರದ ಪುನರ್ವಸತಿ ಕೇಂದ್ರಗಳಿಗೆ ಸಾಗಿದವು. ಈಗ ವಸ್ತು ದೊರೆತ ಸ್ಥಳದ ಹೆಸರನ್ನಷ್ಟೇ ಬರೆದರೆ ಅದು ಹುಟ್ಟಿ ಬಳಕೆಯಾದ ಊರು ದಾಖಲೆಯಿಂದಲೂ ಮುಳುಗಿ ಹೋಗುತ್ತದೆ. ಎರಡೂ ಹೆಸರುಗಳನ್ನು ಬರೆಯಬೇಕು.

ಕಾನೂನನ್ನೂ ಮರೆಯುವಂತಿಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ ಮತ್ತು ಕುಶಲ ವಸ್ತುಗಳು ಪುರಾವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದುದರಿಂದ ‘ನೂರಕ್ಕೆ ಮಿಕ್ಕಿದ್ದು’ ಎಂದು ವ್ಯಾಪಾರಿ ಹೊಗಳಿದಾಗ ಅವನ ಪರವಾನಗಿಯನ್ನು ಕೇಳಿ ನೋಡಬಹುದು. ವಸ್ತುವಿನ ವಯಸ್ಸು ಅಲ್ಲಿಯೇ ಇಳಿಯುವುದನ್ನು ಕಂಡಿದ್ದೇನೆ.

ಹಬ್ಬಕ್ಕೆ ಇಂದಿಗೂ ಬಳಸುತ್ತಿರುವ ಅಚ್ಚನ್ನು ಕೊಳ್ಳಲು ಕೇಳಬಾರದೆಂದೇ ನನ್ನ ಸಲಹೆ. ಅಳತೆ ತೆಗೆದು, ಎಲ್ಲ ಭಾಗಗಳ ಛಾಯಾಚಿತ್ರ ತೆಗೆದು, ಸಾಧ್ಯವಾದರೆ ಗೌರಿ ಹುಣ್ಣಿಮೆಯ ಹಿಂದಿನ ದಿನಗಳಲ್ಲಿ ಹೋಗಿ ಎರೆಯುವುದನ್ನು ಕಣ್ಣಾರೆ ಕಂಡು ಬರೆದುಕೊಳ್ಳಬೇಕು. ವಿಭಾಗಕ್ಕೆ ಆ ಟಿಪ್ಪಣಿಯೂ ಒಂದೆರಡು ಸಕ್ಕರೆ ಗೊಂಬೆಗಳೂ ಸಾಕು. ಗೊಂಬೆಗಳನ್ನು ಮಾತ್ರ ಇರುವೆಗಳಿಂದ ಕಾಪಾಡಬೇಕಾದೀತು.