ಅನಿರೀಕ್ಷಿತ ಖರ್ಚಿಗೆ ಹಣ: ಹಸು ಮಾರುವ ಮೊದಲು ಒಂದು ಲೆಕ್ಕ

ಬೇಸಾಯಗಾರನ ಮನೆಗೆ ಹಣ ಬರುವುದು ಸುಗ್ಗಿಯಲ್ಲಿ. ಖರ್ಚಾದರೋ ಕಾಲ ನೋಡಿ ಬರುವುದಿಲ್ಲ. ಬೆಳೆ ಹೂವು ಕಟ್ಟುವ ಹೊತ್ತಿಗೆ ಸರಿಯಾಗಿ ಕೊಳವೆ ಬಾವಿಯ ಮೋಟಾರು ಸುಟ್ಟುಹೋಗುತ್ತದೆ. ಇಲ್ಲವೆ ಮನೆಯಲ್ಲಿ ಒಬ್ಬರಿಗೆ ರಾತ್ರಿ ಹೊಟ್ಟೆನೋವು ಬಂದು, ಬೆಳಗಾಗುವಷ್ಟರಲ್ಲಿ ಶಸ್ತ್ರಚಿಕಿತ್ಸೆ ಆಗಲೇಬೇಕು ಎನ್ನುತ್ತಾರೆ. ಮೂರು ನಾಲ್ಕು ದಿನದೊಳಗೆ ನಲವತ್ತೋ ಐವತ್ತೋ ಸಾವಿರ ರೂಪಾಯಿ ಬೇಕಾಗುತ್ತದೆ. ಇಂಥ ಸಮಯದಲ್ಲಿ ನಮ್ಮ ರೈತರಲ್ಲಿ ಅನೇಕರು ಮೊದಲು ನೋಡುವುದು ಕೊಟ್ಟಿಗೆಯ ಕಡೆಗೆ. ಕರೆಯುವ ಹಸುವಿಗೆ ಕೊಳ್ಳುವವರು ಅಂದೇ ಸಿಗುತ್ತಾರೆ, ನಿಜ. ಆದರೆ ಹಾಗೆ ಬಂದ ಹಣ ಎಷ್ಟು ದುಬಾರಿಯದು ಎಂಬ ಲೆಕ್ಕವನ್ನು ಹಾಕಿ ನೋಡಿದವರು ಕಡಿಮೆ.

ಮೊದಲು ಖರ್ಚನ್ನು ಅಳೆಯಿರಿ

ಹಣ ಹುಡುಕಲು ಹೊರಡುವ ಮುನ್ನ, ನಿಜವಾಗಿ ಎಷ್ಟು ಬೇಕು, ಯಾವ ದಿನ ಬೇಕು ಎಂಬುದನ್ನು ಕಾಗದದ ಮೇಲೆ ಬರೆಯಬೇಕು. ಮೋಟಾರು ಸುಟ್ಟಿದೆ ಎಂದ ಕೂಡಲೇ ಹೊಸದನ್ನು ತರಬೇಕಾಗಿಲ್ಲ. ವೈಂಡಿಂಗ್ ಮಾತ್ರ ಹೋಗಿದ್ದರೆ ಹೊಸ ಸುತ್ತು ಹಾಕಿಸಲು ಹೊಸ ಮೋಟಾರಿನ ಬೆಲೆಯ ಒಂದು ಪಾಲು ಸಾಕು. ಅದು ಸರಿಯಾಗಿ ಬರುವವರೆಗೆ ಪಕ್ಕದ ಜಮೀನಿನವರಿಂದ ಎರಡು ತೇವದ ನೀರನ್ನು ಬಾಡಿಗೆಗೆ ಪಡೆದು ಬೆಳೆ ಉಳಿಸಿಕೊಳ್ಳಬಹುದು.

ಆಸ್ಪತ್ರೆಯ ಖರ್ಚಾದರೆ ಮುಂಗಡ ಕಟ್ಟುವ ಮೊದಲೇ ಕೇಳಬೇಕಾದ ಪ್ರಶ್ನೆಯೊಂದಿದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ದೊರೆಯುತ್ತದೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿಯಾದ ಚಿಕಿತ್ಸಾ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮೀರದಂತೆ ದೊರೆಯುತ್ತದೆ. ನೋಂದಾಯಿತ ಆಸ್ಪತ್ರೆಯಲ್ಲಿ 'ಆರೋಗ್ಯ ಮಿತ್ರ' ಎಂಬ ಸಿಬ್ಬಂದಿ ಇರುತ್ತಾರೆ, ಅವರನ್ನು ಕಾಣಬೇಕು. ತುರ್ತು ಚಿಕಿತ್ಸೆಯಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿಗೆ ಆ ವರ್ಷದ ವಂತಿಗೆ ಕಟ್ಟಿದ್ದರೆ ಆ ಕಾರ್ಡನ್ನೂ ಕೊಂಡೊಯ್ಯಬೇಕು. ಹಸುವನ್ನು ಮಾರಿ ಬಿಲ್ಲು ಕಟ್ಟಿ, ಊರಿಗೆ ಬಂದ ಮೇಲೆ ಪಡಿತರ ಚೀಟಿ ತೋರಿಸಿದ್ದರೆ ಸಾಕಾಗಿತ್ತು ಎಂದು ತಿಳಿಯುವ ಕುಟುಂಬಗಳಿವೆ.

ಹಸುವಿನ ಲೆಕ್ಕ

ಒಬ್ಬ ರೈತನಿಗೆ 50,000 ರೂ. ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ಕರು ಹಾಕಿ ಎರಡು ತಿಂಗಳಾದ ಒಂದು ಮಿಶ್ರತಳಿ ಹಸು ಇದೆ. ಸಾವಧಾನವಾಗಿ ಮಾರಿದರೆ 60,000 ರೂ. ಬಾಳುತ್ತದೆ. ಅವಸರ ಕಂಡ ವ್ಯಾಪಾರಿ 45,000ಕ್ಕೆ ಕೇಳುತ್ತಾನೆ. ಡೇರಿಗೆ ದಿನಕ್ಕೆ 9 ಲೀಟರ್ ಹಾಲು ಹೋಗುತ್ತದೆ. ಲೀಟರಿಗೆ 35 ರೂ.ನಂತೆ 315 ರೂ. ಬರುತ್ತದೆ. ಹಿಂಡಿ, ಬೂಸಾ, ಮೇವಿಗೆ 195 ರೂ. ಕಳೆದರೆ ದಿನಕ್ಕೆ 120 ರೂ. ಉಳಿಯುತ್ತದೆ. ಈ ದರಗಳನ್ನು ಲೆಕ್ಕಕ್ಕಾಗಿ ಹಾಕಿಕೊಂಡಿದೆ; ಓದುಗರು ತಮ್ಮ ಊರಿನ ದರವನ್ನು ಹಾಕಿ ನೋಡಬೇಕು.

ಆರು ತಿಂಗಳು ಹಸುವಿಲ್ಲದಿದ್ದರೆ 21,600 ರೂ. ಹಾಲಿನ ಆದಾಯ ಹೋಯಿತು. ಸುಗ್ಗಿಯ ನಂತರ ಅಂಥದೇ ಹಸುವನ್ನು 60,000ಕ್ಕೆ ಕೊಂಡರೆ ಮತ್ತೆ 15,000 ಹೆಚ್ಚು ತೆತ್ತಂತಾಯಿತು. ಒಟ್ಟು 36,600 ರೂ. ನಷ್ಟ. ಇಷ್ಟಾದರೂ ಕೈಗೆ ಬಂದದ್ದು 45,000, ಇನ್ನೂ 5,000 ಸಾಲದು!

ಅದೇ 50,000 ರೂ.ಗಳನ್ನು ಒಡವೆಯ ಮೇಲೆ ವರ್ಷಕ್ಕೆ ಶೇ. 10ರ ಬಡ್ಡಿಯಂತೆ ತಂದರೆ ಆರು ತಿಂಗಳಿಗೆ 2,500 ರೂ. ಬಡ್ಡಿಯಾಗುತ್ತದೆ. ಊರಿನಲ್ಲಿ ನೂರಕ್ಕೆ ತಿಂಗಳಿಗೆ 3 ರೂ.ನಂತೆ ಕೈಸಾಲ ತಂದರೂ 9,000 ರೂ. ಕರೆಯುವ ಹಸುವನ್ನು ಅವಸರದಲ್ಲಿ ಮಾರುವುದು ಲೇವಾದೇವಿಯವರ ಬಡ್ಡಿಗಿಂತಲೂ ದುಬಾರಿ ಎಂಬುದು ಇದರಿಂದ ಗೊತ್ತಾಗುತ್ತದೆ. ಮೇಲಾಗಿ ತಿಂಗಳಿಗೆ 3,600 ರೂ. ಕೊಡುವ ಆ ಹಸುವೇ ಸಾಲ ತೀರಿಸಲು ಮುಖ್ಯ ಆಧಾರ. ಬತ್ತಿದ, ಮುದಿಯಾದ, ಗಬ್ಬ ನಿಲ್ಲದ ಹಸುವಿನ ಮಾತು ಬೇರೆ. ಅದನ್ನು ಖರ್ಚು ಬರಲಿ, ಬಾರದಿರಲಿ, ಇಟ್ಟುಕೊಳ್ಳುವುದೇ ನಷ್ಟ.

ಮಾರುವುದಾದರೆ ದಿನದಿನದ ಆದಾಯ ಕೊಡದಿರುವುದನ್ನು ಮೊದಲು ಮಾರಬೇಕು: ಬೆಳೆದ ಟಗರು, ಹೋತ, ಹೆಚ್ಚಾಗಿರುವ ಮೇವಿನ ಬಣವೆ, ಮನೆಯ ಊಟಕ್ಕೆ ತೆಗೆದಿಟ್ಟು ಮಿಕ್ಕ ರಾಗಿ ಅಥವಾ ಜೋಳ. ಬಯಲುಸೀಮೆಯಲ್ಲಿ ಕುರಿಯನ್ನು ಸಾಕುವುದೇ ಇಂಥ ಹೊತ್ತಿಗೆಂದು. ಆದರೆ ಟಗರನ್ನು ಮಾರಿ, ಹೆಣ್ಣು ಕುರಿಗಳನ್ನು ಉಳಿಸಿಕೊಳ್ಳಬೇಕು. ಬಕ್ರೀದಿಗೆ ಒಂದೆರಡು ತಿಂಗಳಿದ್ದರೆ ಟಗರನ್ನೂ ತಡೆದು, ಬೇರೆ ದಾರಿ ನೋಡುವುದು ಲಾಭ. ಮಾವು, ಹುಣಸೆ, ಅಡಿಕೆಯ ಫಸಲನ್ನು ಮರದಲ್ಲಿರುವಾಗಲೇ ಗುತ್ತಿಗೆಗೆ ಕೊಟ್ಟು ಮುಂಗಡ ಪಡೆಯುವುದು ರೂಢಿಯಲ್ಲಿದೆ. ಹಣದ ತುರ್ತು ಗೊತ್ತಾದ ಮೇಲೆ ಗುತ್ತಿಗೆದಾರನು ಹೇಳುವ ಬೆಲೆ ಎಂಥದ್ದೆಂದು ವಿವರಿಸಬೇಕಾಗಿಲ್ಲ. ಮಂಡಿಯವರಿಂದ ಮುಂಗಡ ಪಡೆದವರು ಒಂದು ವಿಷಯ ನೆನಪಿಡಬೇಕು. ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಮಾರುವ ರೈತನ ಹಣದಿಂದ ದಲ್ಲಾಳಿ ಮುರಿಯಲು ಅವಕಾಶವಿಲ್ಲ. ಮುಂಗಡ ಕೊಟ್ಟಿರುವುದು ಅದಕ್ಕೆ ಕಾರಣವಾಗದು.

ಕಾಳನ್ನು ಒತ್ತೆ ಇಡುವುದು

ಸುಗ್ಗಿ ಮುಗಿದ ಹೊಸದರಲ್ಲಿ ಖರ್ಚು ಬಂದರೆ, ಮನೆಯಲ್ಲಿರುವ ಕಾಳನ್ನು ಮಾರದೆಯೂ ಹಣ ಪಡೆಯಬಹುದು. 2007ರ ಉಗ್ರಾಣ ಕಾಯಿದೆಯಂತೆ ನೋಂದಾಯಿತವಾದ ಉಗ್ರಾಣದಲ್ಲಿ ಮಾಲು ಇಟ್ಟರೆ ಅದಕ್ಕೆ ಕೊಡುವ ರಶೀದಿಯ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. 2017ರಿಂದ ಈ ರಶೀದಿ ವಿದ್ಯುನ್ಮಾನ ರೂಪದಲ್ಲಿಯೂ ದೊರೆಯುತ್ತಿದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಆರು ತಿಂಗಳವರೆಗೆ ಬೆಳೆ ಸಾಲದ ದರದಲ್ಲಿಯೇ ಈ ಸಾಲ ಸಿಗುತ್ತದೆ. ಕಾಳು ಚೆನ್ನಾಗಿ ಒಣಗಿರಬೇಕು, ಕಸಕಡ್ಡಿ ಇರಬಾರದು; ತೇವಾಂಶ ಶೇ. 12 ಮೀರಿದರೆ ಉಗ್ರಾಣದವರು ಹಿಂದಕ್ಕೆ ಕಳಿಸಬಹುದು.

ತೊಗರಿಗೆ ಕ್ವಿಂಟಾಲಿಗೆ 7,000 ರೂ. ಎಂದು ಹಿಡಿದು, ಬೆಲೆಯ ಶೇ. 60ರಷ್ಟು ಸಾಲ ಸಿಕ್ಕರೆ, 12 ಕ್ವಿಂಟಾಲಿಗೆ 50,400 ರೂ. ಬರುತ್ತದೆ. ಆರು ತಿಂಗಳಿಗೆ ಶೇ. 7ರ ಬಡ್ಡಿ ಸುಮಾರು 1,750 ರೂ., ಅಂದರೆ ಕ್ವಿಂಟಾಲಿಗೆ 146 ರೂ. ಬಾಡಿಗೆ, ಹಮಾಲಿ, ತೂಕದ ಇಳಿತಕ್ಕೆ ಇನ್ನೊಂದು ನೂರು ಸೇರಿಸಿದರೆ, ಬೆಲೆ ಕ್ವಿಂಟಾಲಿಗೆ 250 ರೂ.ನಷ್ಟಾದರೂ ಏರಿದಾಗ ಮಾತ್ರ ಇಟ್ಟದ್ದಕ್ಕೆ ಪ್ರತಿಫಲ. ಬೇಳೆಕಾಳಿನ ಬೆಲೆ ಪ್ರತಿ ವರ್ಷವೂ ಏರುತ್ತದೆಂಬ ಭರವಸೆ ಇಲ್ಲ. ಹೊರದೇಶದ ಬೇಳೆ ಬಂದರೆ ಇಳಿಯುವುದೂ ಉಂಟು. ಆದಕಾರಣ ಅರ್ಧ ಮಾರಿ ಅರ್ಧ ಇಡುವುದು ಲೇಸೆಂದು ನಮ್ಮ ಅಭಿಪ್ರಾಯ. ಆಸ್ಪತ್ರೆಯ ಖರ್ಚಿಗೆ ಈ ದಾರಿ ಹಿಡಿಯಬಾರದು. ಮಾಲು ಸಾಗಿಸಿ, ತೂಗಿಸಿ, ರಶೀದಿ ಪಡೆದು ಬ್ಯಾಂಕಿಗೆ ಹೋಗುವಷ್ಟರಲ್ಲಿ ದಿನಗಳು ಕಳೆಯುತ್ತವೆ.

ಒಡವೆಯ ಸಾಲ

ಅದೇ ದಿನ ಹಣ ಬೇಕಾದವರಿಗೆ ಒಡವೆಯ ಸಾಲ ಸೂಕ್ತ. ಮನೆಯ ಹೆಂಗಸರ ಒಡವೆಯಾದ್ದರಿಂದ ಅವರನ್ನು ಕೇಳಿಯೇ ಮುಂದುವರಿಯಬೇಕು, ಅವರೂ ಬ್ಯಾಂಕಿಗೆ ಬರುವುದು ಒಳ್ಳೆಯದು. ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಮನೆ ಖರ್ಚಿಗೆ ಪಡೆಯುವ ಸಾಲ 2.5 ಲಕ್ಷ ರೂ. ಮೀರದಿದ್ದರೆ ಚಿನ್ನದ ಬೆಲೆಯ ಶೇ. 85ರವರೆಗೆ ಕೊಡಬಹುದು, 2.5ರಿಂದ 5 ಲಕ್ಷದವರೆಗೆ ಶೇ. 80, ಅದಕ್ಕೆ ಮೇಲ್ಪಟ್ಟು ಶೇ. 75. ಅಸಲು ಬಡ್ಡಿಯನ್ನು ಕೊನೆಗೆ ಒಟ್ಟಿಗೆ ಕಟ್ಟುವ ಸಾಲವಾದರೆ ಬಡ್ಡಿಯೂ ಈ ಮಿತಿಯೊಳಗೇ ಬರಬೇಕು, ಅವಧಿ ಒಂದು ವರ್ಷ ಮೀರಬಾರದು. ಕಲ್ಲು, ಹರಳಿಗೆ ಬೆಲೆ ಕಟ್ಟುವುದಿಲ್ಲ. ಒರೆಗೆ ಹಚ್ಚುವಾಗ, ತೂಗುವಾಗ ಸಾಲಗಾರರು ಎದುರಿಗಿರಬೇಕು. ಸಾಲ ತೀರಿದ ಮೇಲೆ ಏಳು ಕೆಲಸದ ದಿನಗಳೊಳಗೆ ಒಡವೆ ಹಿಂದಿರುಗಿಸದಿದ್ದರೆ, ತಪ್ಪು ಅವರದಾದಲ್ಲಿ ದಿನಕ್ಕೆ 5,000 ರೂ. ಪರಿಹಾರ ಕೊಡಬೇಕಾಗುತ್ತದೆ.

ಇಲ್ಲಿ ರೈತರು ಎರಡು ತಪ್ಪು ಮಾಡುವುದುಂಟು. 'ಇನ್ನೂ ಇಷ್ಟು ಸಿಗುತ್ತದೆ, ತೆಗೆದುಕೊಳ್ಳಿ' ಎಂದರೆಂದು ಬೇಕಾದುದಕ್ಕಿಂತ ಹೆಚ್ಚು ಸಾಲ ಪಡೆಯುವುದು ಒಂದು. ಬಳೆ, ಓಲೆ, ಸರವೆಲ್ಲವನ್ನೂ ಒಂದೇ ಚೀಟಿಯಲ್ಲಿ ಇಡುವುದು ಇನ್ನೊಂದು. ಎರಡು ಚೀಟಿಯಾಗಿ ಇಟ್ಟರೆ ಹಾಲಿನ ಹಣ ಕೂಡಿದಂತೆ ಒಂದನ್ನು ಮೊದಲು ಬಿಡಿಸಬಹುದು.

ಸಂಘ, ಸೊಸೈಟಿ, ಕಾರ್ಡು

ಮನೆಯವರು ಸ್ತ್ರೀಶಕ್ತಿ ಅಥವಾ ಬೇರೆ ಸ್ವಸಹಾಯ ಸಂಘದಲ್ಲಿದ್ದರೆ ವಾರದ ಸಭೆಗೆ ಕಾಯದೆ ತುರ್ತು ಸಭೆ ಕರೆಯಲು ಕೇಳಬಹುದು. ಐದು ಹತ್ತು ಸಾವಿರದ ಖರ್ಚಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಕೊಟ್ಟ ಬಡ್ಡಿಯೂ ಸಂಘದಲ್ಲಿಯೇ ಉಳಿಯುತ್ತದೆ. ಜೀವ ವಿಮೆಯ ಪಾಲಿಸಿ ಇದ್ದವರು ಅದನ್ನು ಮುರಿಯದೆ ಅದರ ಮೇಲೆಯೇ ಸಾಲ ಕೇಳಬೇಕು.

ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿಯನ್ನು ಬೆಳೆಗೆ ಮಾತ್ರ ಲೆಕ್ಕ ಹಾಕಿರುವುದಿಲ್ಲ. 2012ರ ಪರಿಷ್ಕೃತ ಯೋಜನೆಯಲ್ಲಿ ಬೆಳೆ ವೆಚ್ಚದ ಶೇ. 10ರಷ್ಟನ್ನು ಮನೆ ಖರ್ಚು ಮತ್ತು ಕೊಯ್ಲಿನ ನಂತರದ ಖರ್ಚಿಗೂ, ಶೇ. 20ರಷ್ಟನ್ನು ಪಂಪು ಮೊದಲಾದ ಸಲಕರಣೆಗಳ ದುರಸ್ತಿಗೂ ಸೇರಿಸಲಾಗಿದೆ. ಅಂದರೆ ಸುಟ್ಟ ಮೋಟಾರಿಗೆ ಕಾರ್ಡಿನಲ್ಲಿ ಈಗಾಗಲೇ ಹಣವಿರಬಹುದು. ಬ್ಯಾಂಕಿನವರನ್ನು ಈ ಮಾತು ಹೇಳಿಯೇ ಕೇಳಬೇಕು.

ಸೊಸೈಟಿಯ ಕಂತಿಗೆಂದು ಎತ್ತಿಟ್ಟ ಹಣವನ್ನು ಮಾತ್ರ ಮುಟ್ಟದಿರಿ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಸಾಲಕ್ಕೆ ಬಡ್ಡಿ ಇಲ್ಲ. ಈ ಮಿತಿಯನ್ನು 2023ರ ಮುಂಗಡ ಪತ್ರದಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಆದರೆ ಈ ರಿಯಾಯಿತಿ ಗಡುವಿನೊಳಗೆ ಕಟ್ಟಿದವರಿಗೆ. ಗಡುವು ತಪ್ಪಿದರೆ ಬಡ್ಡಿಯೂ ಬೀಳುತ್ತದೆ, ಮುಂದಿನ ಬೆಳೆಯ ಸಾಲಕ್ಕೂ ತೊಡಕಾಗುತ್ತದೆ.

ವಾರದ ಕಂತು, ಖಾಲಿ ಕಾಗದ

50,000 ಸಾಲವೆಂದು ಬರೆಸಿಕೊಂಡು, 5,000 ಮುರಿದುಕೊಂಡು, 45,000 ಕೈಗಿತ್ತು, ವಾರಕ್ಕೆ 5,000ದಂತೆ ಹತ್ತು ವಾರ ವಸೂಲು ಮಾಡುವವರಿದ್ದಾರೆ. 'ಬರೀ ನೂರಕ್ಕೆ ಹತ್ತು' ಎನ್ನುತ್ತಾರೆ. ಮೊದಲ ವಾರದಿಂದಲೇ ಅಸಲು ಹಿಂದಕ್ಕೆ ಹೋಗುತ್ತಿರುವುದರಿಂದ, ರೈತನ ಕೈಯಲ್ಲಿ ಸರಾಸರಿ ಉಳಿಯುವುದು 25,000ಕ್ಕಿಂತ ಕಡಿಮೆ. ಲೆಕ್ಕ ಮಾಡಿದರೆ ಬಡ್ಡಿ ವರ್ಷಕ್ಕೆ ಶೇ. 100 ಮೀರುತ್ತದೆ. ಮೊಬೈಲಿನಲ್ಲಿ ನಿಮಿಷದೊಳಗೆ ಸಾಲ ಕೊಡುವೆವೆನ್ನುವ ಎಷ್ಟೋ ಸಂಸ್ಥೆಗಳ ಲೆಕ್ಕವೂ ಇದೇ ಜಾತಿಯದು. ಬಲವಂತದ ವಸೂಲಿಯ ವಿರುದ್ಧ ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂದಿತು. ಅದರಲ್ಲಿ ಹತ್ತು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶ ಮಾಡಲಾಯಿತು.

ಇದಕ್ಕಿಂತಲೂ ಅಪಾಯಕರವಾದುದು ಜಮೀನಿನ ಮೇಲೆ ಮಾಡುವ ಬಾಯಿಮಾತಿನ ಒಪ್ಪಂದ. 'ಭದ್ರತೆಗಾಗಿ ಕ್ರಯಪತ್ರ ಬರೆದುಕೊಡಿ, ಹಣ ಕೊಟ್ಟ ದಿನ ಹಿಂದಕ್ಕೆ ಬರೆದುಕೊಡುತ್ತೇನೆ' ಎನ್ನುತ್ತಾರೆ. ಸ್ವತ್ತು ವರ್ಗಾವಣೆ ಕಾಯಿದೆಯ 58ನೆಯ ಕಲಮಿನಂತೆ, ಹಿಂದಿರುಗಿಸುವ ಷರತ್ತು ಅದೇ ಕ್ರಯಪತ್ರದೊಳಗೆ ಬರೆದಿರದಿದ್ದರೆ ಅದನ್ನು ಅಡಮಾನವೆಂದು ಎಣಿಸಲಾಗದು. ಬೇರೆ ಕಾಗದದಲ್ಲಿ ಬರೆದ ಕರಾರು ಅದನ್ನು ಅಡಮಾನವಾಗಿ ಮಾಡಲಾರದು. ಐವತ್ತು ಸಾವಿರಕ್ಕೆಂದು ಎರಡೆಕರೆ ಕೈಬಿಟ್ಟುಹೋದರೆ ನ್ಯಾಯಾಲಯದಲ್ಲಿಯೂ ಹಿಂದಕ್ಕೆ ಪಡೆಯುವುದು ಕಷ್ಟ. ಖಾಲಿ ಚೆಕ್ಕಿಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕುವುದೂ ಇದರಷ್ಟೇ ಅಪಾಯ.

ಕೈಸಾಲ ಅನಿವಾರ್ಯವಾದರೆ ಪಡೆದ ಮೊತ್ತ, ಬಡ್ಡಿಯ ದರ, ತಾರೀಖು ಇವನ್ನು ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಕಟ್ಟಿದ ಪ್ರತಿ ಕಂತಿಗೂ ರಶೀದಿ ಪಡೆಯಬೇಕು.

ಬಿಡುವಿದ್ದಾಗ ಪಹಣಿ, ಆಧಾರ್, ಪಡಿತರ ಚೀಟಿ, ಬ್ಯಾಂಕು ಮತ್ತು ಸೊಸೈಟಿಯ ಪಾಸ್‌ಪುಸ್ತಕ, ವಿಮೆಯ ಪತ್ರ, ಚಿಕಿತ್ಸೆಯ ಕಾರ್ಡು ಇವನ್ನೆಲ್ಲ ಒಂದೇ ಚೀಲದಲ್ಲಿ ಹಾಕಿ, ಇಟ್ಟ ಜಾಗವನ್ನು ಮನೆಯಲ್ಲಿ ಇನ್ನೊಬ್ಬರಿಗೂ ತೋರಿಸಿರಿ. ಕಿಸಾನ್ ಕಾರ್ಡಿನ ಅವಧಿ ಐದು ವರ್ಷವಾದರೂ ಬ್ಯಾಂಕು ಅದನ್ನು ವರ್ಷಕ್ಕೊಮ್ಮೆ ಪರಿಶೀಲಿಸುತ್ತದೆ. ಈ ವರ್ಷದ ಪರಿಶೀಲನೆ ಆಗಿದೆಯೇ, ಎಷ್ಟು ಮಿತಿ ಉಳಿದಿದೆ ಎಂಬುದನ್ನು ಮುಂದಿನ ಸಲ ಪೇಟೆಗೆ ಹೋದಾಗ ವಿಚಾರಿಸಿ, ಪಾಸ್‌ಪುಸ್ತಕದ ಮೊದಲ ಪುಟದಲ್ಲಿ ಪೆನ್ಸಿಲಿನಿಂದ ಬರೆದಿಡಿ.