ಸ್ಪಾಕ್ ಮಸ್ಟ್ ಡೈ!

ಸ್ಪಾಕ್ ಮಸ್ಟ್ ಡೈ! (ಅರ್ಥ: ಸ್ಪಾಕ್ ಸಾಯಲೇಬೇಕು) ಅಮೆರಿಕದ ಲೇಖಕ ಜೇಮ್ಸ್ ಬ್ಲಿಷ್ ಅವರು ಬರೆದ ವೈಜ್ಞಾನಿಕ ಕಾದಂಬರಿ. 'ಸ್ಟಾರ್ ಟ್ರೆಕ್' ದೂರದರ್ಶನ ಧಾರಾವಾಹಿಯನ್ನು ಆಧರಿಸಿದ ಈ ಕೃತಿಯನ್ನು ಬ್ಯಾಂಟಮ್ ಬುಕ್ಸ್ ಸಂಸ್ಥೆಯು 1970ರಲ್ಲಿ ಪ್ರಕಟಿಸಿತು. ಆ ಧಾರಾವಾಹಿಯ ಪಾತ್ರಗಳನ್ನು ಬಳಸಿಕೊಂಡು ವಯಸ್ಕ ಓದುಗರಿಗಾಗಿ ರಚಿತವಾದ ಮೊದಲ ಸ್ವತಂತ್ರ ಕಾದಂಬರಿ ಇದಾಗಿದೆ.

ಹಿನ್ನೆಲೆ

'ಸ್ಟಾರ್ ಟ್ರೆಕ್' ಧಾರಾವಾಹಿಯು 1966ರಿಂದ 1969ರವರೆಗೆ ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರವಾಯಿತು. ಬ್ಲಿಷ್ (1921–1975) ಅದಕ್ಕೂ ಮೊದಲೇ ಹೆಸರು ಗಳಿಸಿದ್ದ ಲೇಖಕರು. 'ಎ ಕೇಸ್ ಆಫ್ ಕಾನ್ಷಿಯನ್ಸ್' ಕಾದಂಬರಿಗೆ 1959ರಲ್ಲಿ ಹ್ಯೂಗೋ ಪ್ರಶಸ್ತಿ ಪಡೆದಿದ್ದರು. 1967ರಿಂದ ಅವರು ಧಾರಾವಾಹಿಯ ಕಂತುಗಳನ್ನು ಸಣ್ಣಕಥೆಗಳ ರೂಪಕ್ಕೆ ತರತೊಡಗಿದರು. ಈ ಕಾದಂಬರಿಯ ಕಥೆ ಮಾತ್ರ ಅವರ ಸ್ವಂತ ಕಲ್ಪನೆ. ಇದಕ್ಕೂ ಮುನ್ನ, 1968ರಲ್ಲಿ, ಮ್ಯಾಕ್ ರೆನಾಲ್ಡ್ಸ್ ಅವರ 'ಮಿಷನ್ ಟು ಹೊರೇಷಿಯಸ್' ಹೊರಬಂದಿತ್ತಾದರೂ ಅದು ಕಿರಿಯರಿಗಾಗಿ ಬರೆದ ಕೃತಿ.

ಕಥಾವಸ್ತು

ವಸ್ತುಗಳನ್ನೂ ಮನುಷ್ಯರನ್ನೂ ಕ್ಷಣಾರ್ಧದಲ್ಲಿ ಬೇರೆಡೆಗೆ ಸಾಗಿಸುವ ಯಂತ್ರದ ಕುರಿತ ಚರ್ಚೆಯೊಂದಿಗೆ ಕಥೆ ಆರಂಭವಾಗುತ್ತದೆ. ದೇಹವನ್ನು ಅಳಿಸಿ ಮತ್ತೊಂದೆಡೆ ಪುನಃ ರಚಿಸಿದರೆ, ತಲುಪಿದವನು ಹೊರಟವನೇ? ಅವನ ಆತ್ಮದ ಗತಿಯೇನು? ಇದು ವೈದ್ಯ ಮೆಕಾಯ್‌ನನ್ನು ಕಾಡುವ ಸಂಶಯ.

ಅಷ್ಟರಲ್ಲಿ ಕ್ಲಿಂಗನ್ನರೊಡನೆ ಯುದ್ಧ ಆರಂಭವಾಗುತ್ತದೆ. ಶಾಂತಿಯನ್ನು ಕಾಯಬೇಕಾದ ಆರ್ಗೇನಿಯಾ ಗ್ರಹದಿಂದ ಯಾವ ಸುಳಿವೂ ಇಲ್ಲ. ಕಾರಣವನ್ನರಿಯಲು ಸ್ಪಾಕ್‌ನ ಪ್ರತಿರೂಪವೊಂದನ್ನು ಅಲ್ಲಿಗೆ ಕಳುಹಿಸುವ ಪ್ರಯತ್ನ ನಡೆಯುತ್ತದೆ. ಆದರೆ ಗ್ರಹವನ್ನು ಆವರಿಸಿದ್ದ ಪರದೆಯಿಂದ ಅದು ಪ್ರತಿಫಲಿಸಿ ಹಿಂದಿರುಗುವುದರಿಂದ ನೌಕೆಯಲ್ಲಿ ಇಬ್ಬರು ಸ್ಪಾಕ್‌ಗಳು ಉಳಿಯುತ್ತಾರೆ. ಒಬ್ಬನು ಶತ್ರುಪಕ್ಷದವನು, ನಿಜವಾದವನು ಯಾರೆಂಬುದನ್ನು ನಾಯಕ ಕರ್ಕ್ ನಿರ್ಧರಿಸಬೇಕು. ತಪ್ಪಿದರೆ ಸ್ನೇಹಿತನನ್ನೇ ಕೊಂದಂತಾಗುತ್ತದೆ.

ವೈಜ್ಞಾನಿಕ ಆಧಾರ

ಎಡಗೈ ಮತ್ತು ಬಲಗೈಗಳ ಆಕಾರ ಒಂದೇ ಆದರೂ ಒಂದರ ಕೈಗವಸು ಇನ್ನೊಂದಕ್ಕೆ ಹೊಂದದು. ಅಣುಗಳಲ್ಲಿಯೂ ಇಂತಹ ಜೋಡಿಗಳಿರುವುದನ್ನು ಲೂಯಿ ಪಾಶ್ಚರ್ 1848ರಲ್ಲಿ ತೋರಿಸಿದರು. ಭೂಮಿಯ ಜೀವಿಗಳ ಪ್ರೋಟೀನುಗಳು ಬಹುತೇಕ 'ಎಡ' ಮಾದರಿಯ ಅಮೈನೋ ಆಮ್ಲಗಳಿಂದಲೇ ರಚಿತವಾಗಿವೆ. ಕನ್ನಡಿಯ ಬಿಂಬದಂತೆ ತಿರುಗಿದ ದೇಹಕ್ಕೆ ಸಾಮಾನ್ಯ ಆಹಾರದ ಪ್ರೋಟೀನು ಒಗ್ಗದು. ಕಾದಂಬರಿಯಲ್ಲಿ ನಕಲಿ ಸ್ಪಾಕ್ ಪ್ರಯೋಗಾಲಯದೊಳಗೆ ಸೇರಿಕೊಂಡು ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವುದಕ್ಕೆ ಇದೇ ಕಾರಣ. ಹೀಗೆ ರಸಾಯನಶಾಸ್ತ್ರದ ತತ್ತ್ವವೇ ಪತ್ತೇದಾರಿಯ ಸುಳಿವಾಗುತ್ತದೆ.

ಮಹತ್ವ

ಆರ್ಗೇನಿಯನ್ನರು ಕ್ಲಿಂಗನ್ನರಿಗೆ ಸಾವಿರ ವರ್ಷ ಬಾಹ್ಯಾಕಾಶ ಸಂಚಾರವನ್ನು ನಿಷೇಧಿಸುವುದರೊಂದಿಗೆ ಕಥೆಯ ಯುದ್ಧ ಕೊನೆಗೊಳ್ಳುತ್ತದೆ. ಮುಂದಿನ ಚಲನಚಿತ್ರಗಳು ಹಾಗೂ ಧಾರಾವಾಹಿಗಳು ಈ ಅಂತ್ಯವನ್ನು ಅನುಸರಿಸಲಿಲ್ಲ. ಆದರೂ, ತೆರೆಯ ಮೇಲೆ ಕೇವಲ ಅನುಕೂಲದ ಸಾಧನವಾಗಿದ್ದ ಯಂತ್ರವೊಂದನ್ನು ವ್ಯಕ್ತಿಯ ಅಸ್ತಿತ್ವದ ಪ್ರಶ್ನೆಯಾಗಿ ಬೆಳೆಸಿದ್ದು ಈ ಕಾದಂಬರಿಯ ವೈಶಿಷ್ಟ್ಯ.