ಮರೆಯಲ್ಲಿ ನಿಂತ ಶಿಲ್ಪಿ

ಚಲಚ್ಚಿತ್ರವನ್ನು ನೋಡಿ ಬಂದವರು ನಟನಟಿಯರ ಹೆಸರನ್ನು ಹೇಳುತ್ತಾರೆ. ವಿಚಾರವಂತರು ನಿರ್ದೇಶಕನನ್ನೂ ನೆನೆಯುವರು. ಆದರೆ ಆ ಪಾತ್ರಗಳು ಬಾಳಿದ ಮನೆಯನ್ನು ಕಟ್ಟಿದವನಾರೆಂದು ಕೇಳುವವರು ವಿರಳ. ಕಲಾನಿರ್ದೇಶಕನ ಕೆಲಸವು ಎಷ್ಟು ಸಹಜವಾಗುವುದೋ ಅವನು ಅಷ್ಟೇ ಮರೆಯಾಗುವನು. ಈ ಮಾತಿಗೆ ಶ್ರೀ ಬನ್ಸಿ ಚಂದ್ರಗುಪ್ತರ ಜೀವನವೇ ಉತ್ತಮ ನಿದರ್ಶನ.

1924ರಲ್ಲಿ ಸಿಯಾಲ್‌ಕೋಟದಲ್ಲಿ ಜನಿಸಿ, ಕಾಶ್ಮೀರದಲ್ಲಿ ಬೆಳೆದ ಇವರು ಚಿತ್ರಕಾರರಾಗುವ ಹಂಬಲದಿಂದ ಕಲಕತ್ತೆಯನ್ನು ಸೇರಿದರು. 1947ರಲ್ಲಿ ಶ್ರೀ ಸತ್ಯಜಿತ್ ರಾಯ್ ಮೊದಲಾದ ತರುಣರು ಕಲಕತ್ತಾ ಫಿಲಂ ಸೊಸೈಟಿಯನ್ನು ಸ್ಥಾಪಿಸಿದಾಗ ಇವರೂ ಅವರೊಡನಿದ್ದರು. ಫ್ರಾನ್ಸಿನ ನಿರ್ದೇಶಕ ಜಾನ್ ರೆನ್ವಾರ್ ಬಂಗಾಳಕ್ಕೆ ಬಂದು ‘ದಿ ರಿವರ್’ (1951) ಚಿತ್ರವನ್ನು ತೆಗೆದಾಗ, ಯೂಜೀನ್ ಲೂರಿಯೇ ಎಂಬ ಅನುಭವಿಯ ಸಹಾಯಕರಾಗಿ ದುಡಿಯುವ ಸುಯೋಗವು ಇವರಿಗೆ ಲಭಿಸಿತು.

ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ಇವರ ಶಕ್ತಿಯನ್ನು ಪ್ರಕಟಪಡಿಸಿತು. ಕಲಕತ್ತೆಗೆ ಸಮೀಪದ ಬೊರಾಲ್ ಗ್ರಾಮದ ಹಾಳುಮನೆಯೊಂದು ಬಡ ಪುರೋಹಿತನ ಮನೆಯಾಯಿತು. ರಾತ್ರಿಯ ದೃಶ್ಯಗಳನ್ನು ಸ್ಟುಡಿಯೋದಲ್ಲಿ ತೆಗೆದರು. ಯಾವುದು ಊರು, ಯಾವುದು ಸ್ಟುಡಿಯೋ ಎಂಬುದು ಪ್ರೇಕ್ಷಕನಿಗೆ ತಿಳಿಯದು.

‘ಅಪರಾಜಿತೋ’ (1956) ಚಿತ್ರಕ್ಕೆ ಕಾಶಿಯ ಮನೆಯ ಅಂಗಳವೊಂದು ಬೇಕಾಗಿತ್ತು. ಮಳೆಗಾಲದ ಭಯದಿಂದ ಅದನ್ನು ಕಲಕತ್ತೆಯ ಸ್ಟುಡಿಯೋದಲ್ಲಿಯೇ ಕಟ್ಟಬೇಕಾಯಿತು. ಅಂತಹ ಅಂಗಳದಲ್ಲಿ ಬಿಸಿಲು ನೇರವಾಗಿ ಬೀಳದು. ಮೇಲಿನ ಆಕಾಶದಿಂದ ಮಂದವಾದ ಬೆಳಕು ಮಾತ್ರ ಇಳಿಯುವುದು. ಆದುದರಿಂದ ಛಾಯಾಗ್ರಾಹಕ ಶ್ರೀ ಸುಬ್ರತ ಮಿತ್ರರು ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಕಟ್ಟಿಸಿ, ಕೆಳಗಿನಿಂದ ದೀಪವನ್ನು ಹಾಯಿಸಿ, ಪ್ರತಿಫಲಿಸಿದ ಬೆಳಕನ್ನೇ ಹಗಲನ್ನಾಗಿ ಮಾಡಿದರು. ಗೋಡೆಯು ನಿಜವಾಗಿ ತೋರಬೇಕಾದರೆ ಬೆಳಕೂ ನಿಜವಾಗಿ ತೋರಬೇಕೆಂಬುದನ್ನು ಇಬ್ಬರೂ ಅರಿತಿದ್ದರು.

‘ಜಲಸಾಘರ್’ (1958) ಚಿತ್ರದ ಜಮೀನ್ದಾರನ ಅರಮನೆಯು ಮುರ್ಷಿದಾಬಾದ್ ಜಿಲ್ಲೆಯ ನಿಮ್ತಿತಾದಲ್ಲಿರುವುದು ನಿಜ. ಆದರೆ ಅದರ ಸಂಗೀತಶಾಲೆಯು ಸ್ಟುಡಿಯೋದ ಸೃಷ್ಟಿ. ‘ಚಾರುಲತಾ’ (1964) ಚಿತ್ರದಲ್ಲಿ ಹತ್ತೊಂಬತ್ತನೆಯ ಶತಮಾನದ ಶ್ರೀಮಂತ ಗೃಹವೇ ಮೈತಳೆಯಿತು. ಕಿಟಕಿಯಿಂದ ಕಿಟಕಿಗೆ ನಡೆಯುವ ಗೃಹಿಣಿಯ ಏಕಾಂತವನ್ನು ಮಾತಿಗಿಂತ ಮಿಗಿಲಾಗಿ ಆ ಕೊಠಡಿಗಳೇ ಹೇಳುವವು. ಅಲಂಕಾರಕ್ಕೂ ಕಲೆಗೂ ಇರುವ ಭೇದವಿದು: ಅಲಂಕಾರವು ಕಣ್ಣನ್ನು ತಡೆದು ನಿಲ್ಲಿಸುವುದು, ಕಲೆಯು ಕಣ್ಣನ್ನು ಮನುಷ್ಯನ ಬಳಿಗೆ ಒಯ್ಯುವುದು.

ಮುಂದೆ ಮುಂಬಯಿಗೆ ತೆರಳಿದ ಇವರು ಹಿಂದಿ ಚಿತ್ರಗಳಿಗೂ ದುಡಿದರು. ‘ಶತರಂಜ್ ಕೇ ಖಿಲಾಡಿ’ (1977) ಚಿತ್ರದಲ್ಲಿ ನವಾಬರ ಲಖನೌ ನಗರವನ್ನು ಚಿತ್ರಿಸಿದ ಕೈಯೇ ‘ಚಕ್ರ’ (1981) ಚಿತ್ರದಲ್ಲಿ ಕೊಳೆಗೇರಿಯ ಬಾಳನ್ನು ರೂಪಿಸಿತು. ಜರಿಗೂ ಗೋಣಿತಟ್ಟಿಗೂ ಸಮಾನವಾದ ಗೌರವವನ್ನು ಸಲ್ಲಿಸಿದ ಈ ಕಲಾವಿದರು 1981ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ದಿವಂಗತರಾದರು. ‘ಚಕ್ರ’ಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿಯು ಬಂದಾಗ ಅದನ್ನು ಸ್ವೀಕರಿಸಲು ಅವರಿರಲಿಲ್ಲ.

ಗುಡಿಯನ್ನು ಕಟ್ಟಿದ ಶಿಲ್ಪಿಯ ಹೆಸರು ಅಳಿದರೂ ಕಲ್ಲು ಉಳಿಯುವುದು. ಚಿತ್ರದ ಶಿಲ್ಪಿಗಾದರೋ ಆ ಭಾಗ್ಯವೂ ಇಲ್ಲ. ಚಿತ್ರೀಕರಣ ಮುಗಿದೊಡನೆ ಅವನ ಕಟ್ಟಡವನ್ನು ಕೆಡವುವರು. ಉಳಿಸಬಹುದಾದುದು ಅವನ ನಕ್ಷೆಗಳು, ಚಿತ್ತುಗಳು, ಅಳತೆಯ ಹಾಳೆಗಳು. ಕಸುಬನ್ನು ಕಲಿಯುವ ತರುಣನಿಗೆ ಇವೇ ಪಠ್ಯಪುಸ್ತಕಗಳು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವನ್ನು ಸ್ಥಾಪಿಸಿದ ದೇಶವು, ಚಿತ್ರದ ಸುರುಳಿಗೆ ಸಲ್ಲುವ ಆದರವನ್ನು ಈ ಕಾಗದಗಳಿಗೂ ಸಲ್ಲಿಸಬೇಕಾದುದು ನ್ಯಾಯ. ನಿರ್ಮಾಪಕರೂ ಸರಕಾರಗಳೂ ಮನಸ್ಸು ಮಾಡಿದರೆ ಇದಕ್ಕೆ ತಗಲುವ ವೆಚ್ಚ ಅಲ್ಪ. ಅಲಕ್ಷ್ಯದಿಂದಾಗುವ ನಷ್ಟವನ್ನಾದರೋ ಯಾವ ಹಣವೂ ತುಂಬಿಕೊಡಲಾರದು.